ಮಕ್ಕಳು ಬಡಿದ ಹಾಗೆ ನನ್ನ ಖಂಜರಿ

ಟಿ. ನರಸೀಪುರ ಸುತ್ತಮುತ್ತಲ ಅಂಗನವಾಡಿಗಳಲ್ಲಿ ನಾನು ಮಕ್ಕಳ ಜೊತೆ ಹಾಡಿ ಬಾರಿಸುತ್ತೇನೆ. ಮೊಬೈಲ್‌ನಲ್ಲಿ ಹಾಡು ಹಾಕಿದರೆ ಸಾಕಲ್ವಾ ಅಂತ ಕೇಳುವವರು ಇದ್ದಾರೆ. ಮೊಬೈಲ್ ಯಾರಿಗೂ ಕಾಯುವುದಿಲ್ಲ, ಅದೇ ತೊಂದರೆ. ಚಿಕ್ಕ ಮಕ್ಕಳು ತಾವಾಗಿ ತಟ್ಟುವ ಲಯ ದೊಡ್ಡವರದ್ದಕ್ಕಿಂತ ಬೇಗ. ನಮ್ಮ ತಾಳಕ್ಕೆ ಇಳಿಯಿರಿ ಅಂದರೆ ಮೂರು ವರ್ಷದವರಿಗೆ ಆಗುವುದಿಲ್ಲ.

ಅದಕ್ಕೇ ಖಂಜರಿ ಹಿಡಿದು ಮೊದಲು ಸುಮ್ನೆ ಕೂರುತ್ತೇನೆ. ಯಾವುದೋ ಮಗು ನೆಲ ಬಡಿಯುತ್ತದೆ. ಆ ಪೆಟ್ಟನ್ನೇ ಹಿಡಿದು ಬಾರಿಸುತ್ತೇನೆ. ತಾನು ಬಡಿದದ್ದು ಖಂಜರಿಯಲ್ಲಿ ಕೇಳಿ ಮಗು ನಿಲ್ಲಿಸುತ್ತದೆ. ನಾನೂ ನಿಲ್ಲಿಸುತ್ತೇನೆ. ಶುರುವಾಯಿತು ಆಟ! ಬೇಕಂತಲೇ ನಿಲ್ಲಿಸಿ, ನನ್ನ ಮುಖ ನೋಡಿ, ಮತ್ತೆ ಬಡಿಯುತ್ತಾರೆ.

ಶ್ರುತಿಯ ಮಾತು ಸ್ವಲ್ಪ ಹೇಳಬೇಕು. ನನ್ನದು ದಪ್ಪ ದನಿ. ಎಳೆ ಮಕ್ಕಳು ಅದಕ್ಕೆ ಸ್ವರ ಸೇರಿಸಲು ತಡಕಾಡುತ್ತಾರೆ. ಹೆಂಗಸರ ದನಿ ಹಿಡಿಯುವುದು ಅವರಿಗೆ ಸುಲಭ. ಹಾಗಾಗಿ ಹಾಡು ಎತ್ತುವುದು ಟೀಚರ್, ಇಲ್ಲವೇ ಮಗು ಬಿಡಲು ಬಂದ ಅಜ್ಜಿ. ಹಾರ್ಮೋನಿಯಂನ ಎರಡನೇ ಬಿಳಿ ಮನೆಯನ್ನು ಷಡ್ಜ (ಸ) ಮಾಡಿಕೊಂಡು, ಅಲ್ಲಿಂದ ಪಂಚಮದವರೆಗೆ (ಪ) ಸಾಕು. ಮೇಲೆ ಹೋದರೆ ಕಿರುಚಾಟವೇ ಜಾಸ್ತಿ. ನಾನು ಕಟ್ಟುವ ಹಾಡಿಗೆ ಮೋಹನ ರಾಗದ ಸ ರಿ ಗ ಪ ಅಷ್ಟೇ. ಮಾತು ಮಕ್ಕಳ ಹೆಸರು, ಅವತ್ತಿನ ಊಟ. ಸಾರಿನಲ್ಲಿ ನುಗ್ಗೆಸೊಪ್ಪು ಇದ್ದರೆ ನುಗ್ಗೆಸೊಪ್ಪಿನ ಹಾಡು.

ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ರಾಜ್ಯದಲ್ಲಿ ಮೊದಲು ಬಂದದ್ದು ಇದೇ ತಾಲ್ಲೂಕಿಗೆ, 1975ರಲ್ಲಿ. ಹಾಗಾಗಿ ಅಜ್ಜಿಯರಲ್ಲೂ ಕೆಲವರು ಅಂಗನವಾಡಿಯಲ್ಲಿ ಆಡಿದವರೇ. 'ನಮಗೇನ್ ಬತ್ತದೆ' ಅನ್ನುತ್ತಾರೆ. ಆಮೇಲೆ ಸೋಬಾನೆ ಪದ ಎತ್ತಿದರೆ ನಿಲ್ಲಿಸುವುದೇ ಕಷ್ಟ. ಒಬ್ಬರು ಹೇಳಿ ಉಳಿದವರು ಸೊಲ್ಲು ಹಿಡಿಯುವುದು ಅದರಲ್ಲೇ ಇದೆ. ಮಕ್ಕಳಿಗೆ ಬೇರೆ ಹೇಳಿಕೊಡಬೇಕಿಲ್ಲ, ಸೊಲ್ಲಿನ ಕೊನೆಗೆ ತಾವೇ ಬಂದು ಸೇರುತ್ತಾರೆ.

ತಮಟೆ ಮಾತ್ರ ಒಳಗೆ ಬೇಡ. ಸಣ್ಣ ಕೋಣೆ, ಶೀಟಿನ ಸೂರು, ಎಳೆ ಕಿವಿ. ಅಂಗಳದಲ್ಲಿ ದೂರ ನಿಂತು ಬಾರಿಸುತ್ತೇವೆ. ಅದಕ್ಕೂ ಮುಂಚೆ ಬೆಂಕಿಗೆ ಹಿಡಿದು ಕಾಯಿಸಬೇಕಲ್ಲ, ಮಕ್ಕಳಿಗೆ ಅದೇ ಹಬ್ಬ. ಚರ್ಮ ಬಿಗಿಯಾದಂತೆ ದನಿ ಏರುವುದು ಅವರಿಗೂ ಗೊತ್ತಾಗುತ್ತದೆ.

ಹಾಡದೆ ಮೂಲೆಯಲ್ಲಿ ಕೂರುವ ಮಗುವನ್ನು ಕರೆಯುವುದಿಲ್ಲ. ಪಕ್ಕದಲ್ಲಿ ಒಂದು ಗೆಜ್ಜೆ ಇಟ್ಟು ಬರುತ್ತೇನೆ, ಅಷ್ಟೇ. ಮಕ್ಕಳ ದಿನಾಚರಣೆ ಬಂದರೆ ವೇದಿಕೆ ಮೇಲೆ ಹಾಡಿಸಿ ಅಂತ ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೈಕ್ ಮುಂದೆ ಸಾಲಾಗಿ ನಿಂತ ಮಗು ತನಗೆ ಬೇಕೆಂದಾಗ ನಿಲ್ಲಿಸುವ ಹಾಗಿಲ್ಲ. ಬೇಕಾದರೆ ಊರವರೇ ಬಂದು ಚಾಪೆ ಮೇಲೆ ಕೂತು ಸೊಲ್ಲು ಹಿಡಿಯಲಿ ಅಂತೀನಿ.