ಸಂಸ್ಥೆಗೆ ಸ್ವಂತ ಕಟ್ಟಡ: ದೇಣಿಗೆ ಸಂಗ್ರಹಿಸುವುದು ಹೇಗೆ?

ಸೇವಾ ಸಂಸ್ಥೆಗೆ ಹೊಸ ಕಟ್ಟಡ ಕಟ್ಟುವುದು ಅಂತ ತೀರ್ಮಾನವಾದ ಕೂಡಲೇ ಕರಪತ್ರ ಹಂಚಲು ಹೊರಡುವವರೇ ಜಾಸ್ತಿ. ಅದು ಕೊನೆಗೆ ಮಾಡಬೇಕಾದ ಕೆಲಸ. ಕರಪತ್ರ ಓದಿ ದೊಡ್ಡ ಮೊತ್ತ ಕೊಡುವವರು ಅಪರೂಪ. ಗೊತ್ತಿರುವವರು ಎದುರು ಕೂತು ಕೇಳಿದರೆ ಕೊಡುತ್ತಾರೆ.

ಮೊದಲು ಎಂಜಿನಿಯರ್ ಹತ್ತಿರ ಎಸ್ಟಿಮೇಟ್ ಮಾಡಿಸಿ. ಸಿಮೆಂಟ್, ಕಬ್ಬಿಣ, ಕೂಲಿ ಮಾತ್ರವಲ್ಲ. ಪರವಾನಗಿ ಶುಲ್ಕ, ವೈರಿಂಗ್, ಶೌಚಾಲಯ, ಗಾಲಿಕುರ್ಚಿಗೆ ಇಳಿಜಾರು ದಾರಿ, ಪೀಠೋಪಕರಣ ಎಲ್ಲವೂ ಅದರಲ್ಲಿರಲಿ. ಕೈಮೀರಿದ ಖರ್ಚಿಗೆ ಅಂತ ಶೇ 10ರಷ್ಟಾದರೂ ಸೇರಿಸಿ. ಕಟ್ಟಿದ ಮೇಲೆ ಕರೆಂಟ್ ಬಿಲ್ಲು, ರಿಪೇರಿಗೆ ದುಡ್ಡು ಎಲ್ಲಿಂದ ಅಂತ ದಾನಿಗಳು ಕೇಳಿಯೇ ಕೇಳುತ್ತಾರೆ. ಉತ್ತರ ತಯಾರಿರಲಿ.

ಇನ್ನು ಪಟ್ಟಿ. ಬೇಕಾದ ಹಣ 100 ಪಾಲು ಅಂದುಕೊಳ್ಳಿ. ನೂರು ಜನರಿಗೆ ಒಂದೊಂದು ಪಾಲು ಹಂಚಿದರೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಹಣ ಮಾತ್ರ ಬರುವುದಿಲ್ಲ. ಒಬ್ಬರಿಂದ 15 ಪಾಲು, ಇಬ್ಬರಿಂದ ಹತ್ತು ಹತ್ತು, ನಾಲ್ಕೈದು ಜನರಿಂದ ಐದೈದು ಬಂದರೆ ಅರ್ಧ ದಾರಿ ದಾಟಿದಂತೆ. ಇಂಥ ಪ್ರತಿಯೊಂದು ದೇಣಿಗೆಗೂ ಮೂರ್ನಾಲ್ಕು ಹೆಸರು ಬರೆದುಕೊಳ್ಳಿ, ಕೇಳಿದವರೆಲ್ಲ ಒಪ್ಪುವುದಿಲ್ಲ ಅಲ್ವಾ? ಆಡಳಿತ ಮಂಡಳಿಯವರು ಮೊದಲು ಕೊಡಬೇಕು. 'ನೀವೆಷ್ಟು ಹಾಕಿದ್ದೀರಿ?' ಅನ್ನುವ ಪ್ರಶ್ನೆಗೆ ತಡವರಿಸಿದರೆ ಮುಂದೆ ಮಾತೇ ಏಳುವುದಿಲ್ಲ.

ಕೇಳಲು ಇಬ್ಬರು ಹೋಗಿ. ಒಬ್ಬರು ದಾನಿಗೆ ಪರಿಚಯದವರು, ಇನ್ನೊಬ್ಬರು ಸಂಸ್ಥೆಯಲ್ಲಿ ದಿನಾ ದುಡಿಯುವವರು. ನಕ್ಷೆ ಬಿಡಿಸಿ, ಬೆರಳಿಟ್ಟು ತೋರಿಸಿ: 'ಇದು ಫಿಸಿಯೋಥೆರಪಿ ಕೋಣೆ ಸರ್. ಈಗ ವರಾಂಡದಲ್ಲಿ ಪರದೆ ಕಟ್ಟಿಕೊಂಡು ಮಾಡ್ತಿದ್ದೀವಿ.' ಆಮೇಲೆ ಮೊತ್ತವನ್ನು ಬಾಯಿಬಿಟ್ಟು ಹೇಳಿ, 'ಇದರ ಖರ್ಚು ನೀವು ವಹಿಸಿಕೊಳ್ಳಬಹುದಾ?' ಅಂತ ಕೇಳಿ. ಕೇಳಿದ ಮೇಲೆ ಸುಮ್ನೆ ಇರಿ. ಇದೇ ಕಷ್ಟದ ಕೆಲಸ. ಸಂಕೋಚ ತಡೆಯಲಾರದೆ 'ಕೈಲಾದಷ್ಟು ಕೊಡಿ ಸಾಕು' ಅಂದುಬಿಟ್ಟರೆ ಅವರು ಯೋಚಿಸುತ್ತಿದ್ದ ಮೊತ್ತವೂ ಇಳಿದುಬಿಡುತ್ತದೆ. ಒಟ್ಟಿಗೆ ಆಗದಿದ್ದರೆ ಎರಡು ಮೂರು ವರ್ಷದ ಕಂತಿನಲ್ಲಿ ಕೊಡಬಹುದು ಅಂತ ತಿಳಿಸಿ. ಒಪ್ಪಿದ್ದನ್ನು ಬರಹದಲ್ಲಿ ಪಡೆಯಿರಿ.

ಅರ್ಧಕ್ಕಿಂತ ಜಾಸ್ತಿ ಖಚಿತವಾದ ಮೇಲೆ ಎಲ್ಲರ ಮುಂದೆ ಬನ್ನಿ. ಆಗ ಕರಪತ್ರ, ಸಭೆ, ಹುಂಡಿ ಎಲ್ಲವೂ ಕೆಲಸ ಮಾಡುತ್ತವೆ. ಸಣ್ಣ ದೇಣಿಗೆಯನ್ನು ಹಗುರವಾಗಿ ಕಾಣಬೇಡಿ. ನ್ಯೂಯಾರ್ಕ್‌ನ ಸ್ವಾತಂತ್ರ್ಯ ದೇವಿ ಪ್ರತಿಮೆಯ ಪೀಠಕ್ಕೆ ಹಣ ಸಾಲದೆ ಹೋದಾಗ, 1885ರಲ್ಲಿ ಜೋಸೆಫ್ ಪುಲಿಟ್ಜರ್ ತಮ್ಮ ಪತ್ರಿಕೆಯಲ್ಲಿ ಜನರನ್ನು ಬೇಡಿದರು. ಎಷ್ಟೇ ಚಿಕ್ಕ ಮೊತ್ತವಾದರೂ ಕೊಟ್ಟವರ ಹೆಸರು ಅಚ್ಚಾಗುತ್ತಿತ್ತು. ಐದಾರು ತಿಂಗಳಲ್ಲಿ 1 ಲಕ್ಷ ಡಾಲರಿಗೂ ಹೆಚ್ಚು ಕೂಡಿತು. ಬಹುಪಾಲು ಜನ ಕೊಟ್ಟದ್ದು 1 ಡಾಲರಿಗಿಂತ ಕಡಿಮೆ! ನೀವೂ ಹೆಸರಿನ ಪಟ್ಟಿ ಹಾಕಿ. ಹೆಸರು ಬೇಡ ಅಂದವರದನ್ನು ಬಿಡಿ.

ಕಟ್ಟಡದ ಹಣಕ್ಕೆ ಬೇರೆಯೇ ಬ್ಯಾಂಕ್ ಖಾತೆ, ಇಬ್ಬರ ಸಹಿ, ಅವತ್ತೇ ರಸೀದಿ. ಸಂಬಳ ಕೊಡಲು ಅಂತ ಕೂಡ ಅದಕ್ಕೆ ಕೈ ಹಾಕಬೇಡಿ. ಹಣ ಉಳಿದರೆ ಅಥವಾ ಕಟ್ಟಡವೇ ನಿಂತುಹೋದರೆ ಏನು ಮಾಡುತ್ತೀರಿ ಅನ್ನುವುದನ್ನು ಮನವಿಯಲ್ಲೇ ಬರೆದುಬಿಡಿ. ಬಂದದ್ದೆಷ್ಟು, ಖರ್ಚಾದದ್ದೆಷ್ಟು ಅಂತ ತಿಂಗಳಿಗೊಮ್ಮೆ ಬೋರ್ಡಿನಲ್ಲಿ ಹಾಕಿ. ಇಟ್ಟಿಗೆ, ಟೈಲ್ಸ್ ಕೊಡುತ್ತೇವೆ ಅಂದವರಿಗೆ ಹೂಂ ಅನ್ನುವ ಮೊದಲು ಎಂಜಿನಿಯರನ್ನು ಒಂದು ಮಾತು ಕೇಳಿ.