ಎಂಜಿನ್ ಆಮೇಲೆ ನೋಡೋಣ, ಮೊದಲು ಡ್ರೈವ್ ಯಾವುದು ಹೇಳಿ

ಡೆಟ್ರಾಯಿಟ್ ಪಕ್ಕದ ಸೇಂಟ್ ಕ್ಲೇರ್ ಸರೋವರದಲ್ಲಿ ಮಂಜು ಕರಗಿತು ಅಂದರೆ ನನ್ನ ಫೋನ್ ಬಡಿದುಕೊಳ್ಳಲು ಶುರು. ‘ಅಣ್ಣಾ, ಒಂದು ಸ್ಪೀಡ್ ಬೋಟ್ ಅಗ್ಗಕ್ಕೆ ಸಿಕ್ಕಿದೆ. ಇಪ್ಪತ್ನಾಲ್ಕು ಅಡಿ. ಎಂಜಿನ್ ಒಂದು ಹೋಗಿದೆ, ಅಷ್ಟೆ. 454 ಹಾಕೋಣ ಅಂತಿದ್ದೀನಿ.’ ಸಾಮಾನ್ಯವಾಗಿ ಈ ಮಾತು ನನ್ನ ಕಿವಿಗೆ ಬೀಳುವ ಹೊತ್ತಿಗೆ ಆ 454 ಎಂಬ ದೊಡ್ಡ ವಿ-8 ಅವರ ಗ್ಯಾರೇಜಿನ ಸ್ಟ್ಯಾಂಡ್ ಮೇಲೆ ಕೂತಿರುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ.

ಈ ಬೋಟುಗಳಲ್ಲಿ ಎಂಜಿನ್ ಒಳಗಿರುತ್ತದೆ. ಹಿಂಬದಿಯ ಗೋಡೆಯಾಚೆ ನೀರಿಗೆ ಇಳಿಬಿಟ್ಟ ಕಾಲೇ ಡ್ರೈವ್. ವೋಲ್ವೊ ಪೆಂಟಾ 1959ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು, ಮರ್ಕ್ರೂಸರ್ ಎಂಬ ಇನ್ನೊಂದು ಬ್ರ್ಯಾಂಡ್ 1961ರಲ್ಲಿ ಬಂತು. ಇವತ್ತು ಹಳೇ ಬೋಟ್ ಕೊಂಡವರ ಕೈಗೆ ಹೆಚ್ಚಾಗಿ ಸಿಗುವುದು ಮರ್ಕ್ರೂಸರ್ ಆದ್ದರಿಂದ ಅದರ ಲೆಕ್ಕದಲ್ಲೇ ಹೇಳುತ್ತೇನೆ.

ಮೊದಲ ಹೆಜ್ಜೆ: ಹಿಂಬದಿ ಗೋಡೆ ಬಡಿದು ನೋಡಿ

ಟ್ರಾನ್ಸಮ್ ಎನ್ನುವ ಈ ಹಿಂಬದಿ ಗೋಡೆ ನೋಡಲು ಫೈಬರ್, ಒಳಗೆ ಪ್ಲೈವುಡ್. ಡ್ರೈವಿನ ಭಾರ, ಪ್ರೊಪೆಲರಿನ ನೂಕು ಎರಡನ್ನೂ ಹೊರುವುದು ಇದೇ. ಪ್ಲಾಸ್ಟಿಕ್ ಸುತ್ತಿಗೆಯಿಂದ ಹಲಸಿನಕಾಯಿ ಬಡಿದ ಹಾಗೆ ಬಡಿಯುತ್ತಾ ಹೋಗಿ. ಕಾಯಿಯ ಸದ್ದು ಟಣ್ ಅಂದರೆ ಒಳ್ಳೆಯದು, ಹಣ್ಣಿನ ಹಾಗೆ ದೊಪ್ ಅಂದರೆ ಮರ ಕೊಳೆತಿದೆ. ಅನುಮಾನ ಬಂದರೆ ಒಳಗಿನಿಂದ, ಕೆಳಗಡೆ, ಒಂದು ಸಣ್ಣ ತೂತು ಕೊರೆಯಿರಿ. ಬರುವ ಪುಡಿ ಒಣಗಿ ಬಿಳಿಚಿಕೊಂಡಿದ್ದರೆ ಎಪಾಕ್ಸಿ ತುಂಬಿ ಮುಚ್ಚಿ. ಕಪ್ಪು ಹಸಿ ಹಿಟ್ಟು ಬಂದರೆ ಎಂಜಿನ್ ಮಾತು ಅಲ್ಲಿಗೇ ನಿಲ್ಲಿಸಿ. ಮಾರುವವನು ‘ಗಟ್ಟಿಯಾಗಿದೆ, ಹೋದ ವರ್ಷ ಪೇಂಟ್ ಮಾಡಿಸಿದೆ’ ಎನ್ನುತ್ತಾನೆ. ಪೇಂಟ್ ಹೊಸದಿದ್ದಷ್ಟೂ ಹೆಚ್ಚು ಬಡಿಯಿರಿ.

ಎರಡನೆಯದು: ಎಷ್ಟು ವೇಗ ಬೇಕು?

ಅಶ್ವಶಕ್ತಿ ಎರಡು ಪಟ್ಟಾದರೆ ವೇಗವೂ ಎರಡು ಪಟ್ಟಾಗುತ್ತದೆ ಎಂದು ನಂಬಿದವರು ಬಹಳ. ನೀರು ಹಾಗೆ ಬಿಟ್ಟುಕೊಡುವುದಿಲ್ಲ. ಬೋಟ್ ಕಟ್ಟುವವರು ಬಳಸುವ ಕ್ರೌಚ್ ಸೂತ್ರ ಸುಲಭವಾಗಿದೆ: ಒಟ್ಟು ತೂಕವನ್ನು (ಪೌಂಡಿನಲ್ಲಿ) ಅಶ್ವಶಕ್ತಿಯಿಂದ ಭಾಗಿಸಿ, ಅದರ ವರ್ಗಮೂಲ ತೆಗೆಯಿರಿ. ಇಂಥ ವೇಗದ ಬೋಟಿಗೆ 190 ಎಂಬ ಅಂಕಿಯನ್ನು ಆ ಮೂಲದಿಂದ ಭಾಗಿಸಿದರೆ ಗಂಟೆಗೆ ಎಷ್ಟು ಮೈಲಿ ಎನ್ನುವುದು ಸಿಗುತ್ತದೆ.

ನಮ್ಮ ಇಪ್ಪತ್ನಾಲ್ಕು ಅಡಿಯ ಬೋಟ್ ಜನ, ಪೆಟ್ರೋಲು ಸೇರಿ 4,000 ಪೌಂಡ್ ಎಂದುಕೊಳ್ಳಿ. ಹಳೇ 5.7 ಲೀಟರ್ ಎಂಜಿನ್ 260 ಅಶ್ವಶಕ್ತಿಯದಾದರೆ 48 ಮೈಲಿ. ಅದೇ ಸಣ್ಣ ಎಂಜಿನ್ನನ್ನು ಒಳ್ಳೆ ಸಿಲಿಂಡರ್ ಹೆಡ್ ಹಾಕಿ 350ಕ್ಕೆ ಏರಿಸಿದರೆ 56. ಅದರ ಬದಲು 400 ಅಶ್ವಶಕ್ತಿಯ 454 ಕೂರಿಸಿದಿರಿ, ಎಂಜಿನ್ನು, ಅದರ ಪರಿವಾರ ಸೇರಿ ಸುಮಾರು 300 ಪೌಂಡ್ ಹೆಚ್ಚಿತು, ಉತ್ತರ 58. ಎರಡು ಮೈಲಿಗೆ ಅಷ್ಟು ದುಡ್ಡು, ಅಷ್ಟು ಪೆಟ್ರೋಲು, ಮೇಲೆ ಬೋಟಿನ ಬುಡ ಕುಸಿದು ಮೂತಿ ಆಕಾಶ ನೋಡುವ ಭಾಗ್ಯ! ಇಪ್ಪತ್ನಾಲ್ಕು ಅಡಿಯವರೆಗಿನ ಬೋಟಿಗೆ 454ರಂಥ ಬಿಗ್ ಬ್ಲಾಕ್ ಬೇಡವೇ ಬೇಡ. ಇದು ನನ್ನ ಹಟ, ಬದಲಾಯಿಸುವುದಿಲ್ಲ.

ಮೂರನೆಯದು: ಡ್ರೈವ್. ಎಡವುವುದು ಇಲ್ಲೇ

ಹಳೇ ಮರ್ಕ್ರೂಸರಿನಲ್ಲಿ ನಿಮಗೆ ಎದುರಾಗುವುದು ಮುಖ್ಯವಾಗಿ ಮೂರು. ಆಲ್ಫಾ ಒನ್ ಸುಮಾರು 300 ಅಶ್ವಶಕ್ತಿಯವರೆಗೆ ಸರಿ. ಅದರ ಕೆಳಭಾಗ ಸಪೂರ, ನೀರಿನ ಎಳೆತ ಕಡಿಮೆ. ಆದ್ದರಿಂದ ಸಾಧಾರಣ ಎಂಜಿನ್ನಿಗೆ ಇದೇ ಚುರುಕು. 350 ಅಶ್ವಶಕ್ತಿ ಕಟ್ಟಿ ಆಲ್ಫಾಕ್ಕೆ ಜೋಡಿಸಿದರೆ ಒಂದೋ ಎರಡೋ ಬೇಸಿಗೆ ನಡೆದೀತು, ಅಲೆಯ ಮೇಲೆ ಹಾರಿ ಪ್ರೊಪೆಲರ್ ಗಾಳಿಯಲ್ಲಿ ಸುತ್ತಿ ಮತ್ತೆ ನೀರು ಕಚ್ಚಿದ ಒಂದು ದಿನ ಗೇರು ಹಲ್ಲುಗಳು ಎಣ್ಣೆಯಲ್ಲಿ ಸಿಗುತ್ತವೆ. 300 ದಾಟುವವರು 1980ರ ದಶಕದ ಕೊನೆಯಲ್ಲಿ ಬಂದ ಬ್ರಾವೊ ಒನ್ ಹಿಡಿಯಿರಿ. ಮೂರನೆಯದು ಟಿಆರ್‌ಎಸ್, ಗೇರ್‌ಬಾಕ್ಸ್ ಬೋಟಿನ ಒಳಗೇ ಬೇರೆಯಾಗಿ ಇರುವಂಥದ್ದು. ತನ್ನ ಕಾಲದಲ್ಲಿ ಗಟ್ಟಿ ಆಳು, ಈಗ ಬಿಡಿಭಾಗಕ್ಕೆ ಅಲೆದಾಟ. ಬೋಟಿನ ಜೊತೆ ಸುಸ್ಥಿತಿಯಲ್ಲಿ ಬಂದಿದ್ದರೆ ಓಡಿಸಿ, ಹುಡುಕಿಕೊಂಡು ಹೋಗಿ ಕೊಳ್ಳಬೇಡಿ.

ಆಲ್ಫಾ ತೆಗೆದು ಬ್ರಾವೊ ಹಾಕುವವರು ಮರೆಯುವ ಒಂದು ಸಂಗತಿ: ತಂಪಿನ ನೀರೆತ್ತುವ ಪಂಪು ಆಲ್ಫಾದಲ್ಲಿ ಡ್ರೈವಿನೊಳಗೇ ಇದೆ, ಬ್ರಾವೊದಲ್ಲಿ ಇಲ್ಲ. ಎಂಜಿನ್ನಿನ ಮುಂದೆ ಬೇರೆ ಪಂಪು ಕೂರಿಸಬೇಕು. ಅದಿಲ್ಲದೆ ಚಾಲೂ ಮಾಡಿ, ನೀರಿಲ್ಲದ ಎಕ್ಸಾಸ್ಟಿನ ರಬ್ಬರ್ ಕೊಳವೆ ಸುಟ್ಟ ವಾಸನೆ ಬಂದ ಮೇಲೆ ನನಗೆ ಫೋನ್ ಮಾಡಿದವರಿದ್ದಾರೆ.

ಇನ್ನು ಗೇರ್ ಅನುಪಾತ. ಹಳೇ ಡ್ರೈವ್ ಕೊಳ್ಳುವಾಗ ‘ಬ್ರಾವೊ, ಒಳ್ಳೆ ಕಂಡೀಷನ್’ ಅಂದರೆ ಸಾಲದು, 1.50 ಇದೆಯೋ 2.20 ಇದೆಯೋ ಕೇಳಿ. ಅನುಪಾತ ಹೊರಗಿನಿಂದ ಕಾಣುವುದಿಲ್ಲ. ಅನುಪಾತ 1.50 ಅಂದರೆ ಎಂಜಿನ್ ಒಂದೂವರೆ ಸುತ್ತು ಸುತ್ತಿದಾಗ ಪ್ರೊಪೆಲರ್ ಒಂದು ಸುತ್ತು. ಪಿಚ್ ಅಂದರೆ ಆ ಒಂದು ಸುತ್ತಿನಲ್ಲಿ ಪ್ರೊಪೆಲರ್ ಎಷ್ಟು ಇಂಚು ಮುಂದೆ ಹೋಗಬೇಕಿತ್ತೋ ಅಷ್ಟು. ನೀರು ಜಾರುವುದರಿಂದ ಅದರಲ್ಲಿ ನೂರಕ್ಕೆ ಹನ್ನೆರಡರಷ್ಟು ಕಳೆಯಿರಿ. ಲೆಕ್ಕ ಹೀಗೆ: ಎಂಜಿನ್ನಿನ ನಿಮಿಷದ ಸುತ್ತು ಗುಣಿಸು ಪಿಚ್, ಭಾಗಿಸು ಅನುಪಾತ, ಮತ್ತೆ ಭಾಗಿಸು 1056, ಕೊನೆಗೆ ಗುಣಿಸು 0.88.

ಮೇಲಿನ 350 ಅಶ್ವಶಕ್ತಿಯ ಬೋಟ್ 4,800 ಸುತ್ತಿನಲ್ಲಿ 56 ಮೈಲಿ ಓಡಬೇಕಾದರೆ 1.50 ಡ್ರೈವಿಗೆ ಬೇಕಾದ ಪಿಚ್ 21. ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಸೆಕೆಂಡ್ ಹ್ಯಾಂಡ್ ಕೂಡ. 2.00 ಡ್ರೈವಿಗೆ 28. ಭಾರದ ಕ್ಯಾಬಿನ್ ಬೋಟಿನಿಂದ ಬಿಚ್ಚಿದ 2.20 ಡ್ರೈವಿಗೆ 31! ಡ್ರೈವಿನಲ್ಲಿ ಉಳಿಸಿದ ದುಡ್ಡು ಪ್ರೊಪೆಲರ್ ಹುಡುಕುವುದಕ್ಕೇ ಹೋಯಿತು.

ಅನುಪಾತ ಬರೆದ ಚೀಟಿ ಕಿತ್ತುಹೋಗಿದೆ, ನಂಬರ್ ಅಳಿಸಿದೆ ಎನ್ನುತ್ತಾರೆ ಮಾರುವವರು. ಪರವಾಗಿಲ್ಲ. ಡ್ರೈವನ್ನು ಗೇರಿಗೆ ಹಾಕಿಸಿ. ಎಂಜಿನ್ ಕಡೆಯ ಶಾಫ್ಟಿಗೆ ಒಂದು ಸೀಮೆಸುಣ್ಣದ ಗೆರೆ, ಪ್ರೊಪೆಲರ್ ಶಾಫ್ಟಿಗೆ ಒಂದು. ಪ್ರೊಪೆಲರ್ ಹತ್ತು ಸುತ್ತು ಬರುವವರೆಗೆ ಆ ಕಡೆ ಕೈಯಿಂದ ತಿರುಗಿಸಿ ಎಣಿಸಿ. ಹದಿನೈದಾದರೆ 1.50, ಇಪ್ಪತ್ತಾದರೆ 2.00. ಒಂದೇ ಸುತ್ತಿನಲ್ಲಿ ಅಂದಾಜು ಮಾಡಿದರೆ 1.50ಕ್ಕೂ 1.65ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಹತ್ತು ಬೇಕೇ ಬೇಕು. ತಿರುಗಿಸುವಾಗ ಎಲ್ಲಾದರೂ ಕರಕರ ಅಂದರೆ ಬೇರೆ ಡ್ರೈವ್ ನೋಡಿ. ಎಣ್ಣೆಯ ತಿರುಪು ಬಿಚ್ಚಿಸಿ: ಹಾಲಿನ ಬಣ್ಣವಿದ್ದರೆ ನೀರು ಹೊಕ್ಕಿದೆ, ಮಿನುಗುವ ಚೂರಿದ್ದರೆ ಗೇರು ಸವೆದಿದೆ. ಬಿಚ್ಚಲು ಒಪ್ಪದವನಿಗೆ ನಮಸ್ಕಾರ ಹೇಳಿ ಹೊರಡಿ.

ನಾಲ್ಕನೆಯದು: ಈಗ ಎಂಜಿನ್ ಕೊಳ್ಳಿ

ಇಲ್ಲಿನ ಚಳಿಗೆ ಮುಖ್ಯ ಪರೀಕ್ಷೆ ಒಂದೇ. ನೀರು ತೆಗೆಯದೆ ಚಳಿಗಾಲ ಕಳೆದ ಎಂಜಿನ್ನಿನ ಬ್ಲಾಕ್ ಸೀಳಿರುತ್ತದೆ, ಹೆಚ್ಚಾಗಿ ಎರಡು ಪಕ್ಕದ ಗೋಡೆಗಳಲ್ಲಿ. ಟಾರ್ಚ್ ಹಿಡಿದು ಉದ್ದಕ್ಕೂ ಬೆರಳಾಡಿಸಿ. ಪೇಂಟಿನಡಿ ಉಬ್ಬಿದ ಗೆರೆ ತಾಗಿದರೆ ಯಾರೋ ಎಪಾಕ್ಸಿ ಮೆತ್ತಿದ್ದಾರೆ. ಆ ಲೋಹದ ಪೇಸ್ಟುಗಳು ಗೆರೆ ಮುಚ್ಚುತ್ತವೆ, ಬಿರುಕು ಮುಚ್ಚುವುದಿಲ್ಲ.

ಕಾರಿನ ಎಂಜಿನ್ ಹಾಕಬಹುದೇ? ಬ್ಲಾಕ್ ಅದೇ ಷೆವರ್ಲೆ, ಹಾಕಬಹುದು. ಆದರೆ ಸ್ಟಾರ್ಟರ್, ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್, ಕಾರ್ಬ್ಯುರೇಟರ್, ಪೆಟ್ರೋಲ್ ಪಂಪು ಇವಿಷ್ಟೂ ಬೋಟಿನವೇ ಆಗಿರಬೇಕು, ಇದರಲ್ಲಿ ಚೌಕಾಸಿ ಇಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಬೋಟಿನ ಹೊಟ್ಟೆಯಲ್ಲೇ ನಿಲ್ಲುತ್ತದೆ; ಕಾರಿನ ಸ್ಟಾರ್ಟರಿನ ಒಂದು ಕಿಡಿ ಸಾಕು. ಕಾರಿನ ರೇಸ್ ಕ್ಯಾಮ್‌ಶಾಫ್ಟ್ ಕೂಡ ಬೇಡ. ನಿಧಾನ ಸುತ್ತಿನಲ್ಲಿ ಅದು ಎಕ್ಸಾಸ್ಟಿನ ನೀರನ್ನು ಸಿಲಿಂಡರಿಗೆ ವಾಪಸ್ ಎಳೆಯುತ್ತದೆ.

ಫ್ಲೈವೀಲ್, ಅಂದರೆ ಎಂಜಿನ್ನಿನ ಹಿಂದಿನ ಭಾರದ ಚಕ್ರ, ಹೊಂದುತ್ತದೆಯೇ ನೋಡಿ: 1986ರಿಂದ ಈಚಿನ ಷೆವರ್ಲೆ 350 (ಅದೇ 5.7 ಲೀಟರ್) ಬ್ಲಾಕಿಗೆ ಹಿಂದಿನದು ಕೂರುವುದಿಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಉಪ್ಪುನೀರು ಕಂಡಿದ್ದರೆ ಮಾತಿಲ್ಲದೆ ಹೊಸದು.

ಕೂರಿಸುವುದು

ಎಂಜಿನ್ ಇಳಿಸಿ, ಎಂಜಿನ್ನೂ ಡ್ರೈವೂ ಒಂದೇ ಗೆರೆಯಲ್ಲಿವೆಯೇ ಎಂದು ನೋಡುವ ಸರಳು, ಅಲೈನ್‌ಮೆಂಟ್ ಬಾರ್, ತೂರಿಸಿ, ಎರಡು ಬೆರಳಿನಲ್ಲಿ ಸರಾಗ ಹೋಗುವವರೆಗೆ ಮುಂದಿನ ಮೌಂಟ್ ಹೊಂದಿಸಿ. ಸುತ್ತಿಗೆಯಿಂದ ಬಡಿದು ತೂರಿಸಿದವರು ಎಂಜಿನ್ನಿಗೂ ಡ್ರೈವಿಗೂ ಕೊಂಡಿಯಾದ ಕಪ್ಲರಿನ ಹಲ್ಲು ಸವೆಸಿಕೊಳ್ಳುತ್ತಾರೆ. ಡ್ರೈವಿನ ಶಾಫ್ಟ್ ಹಿಡಿಯುವ ಗಿಂಬಲ್ ಬೇರಿಂಗ್, ನೀರು ಒಳಬರದಂತೆ ತಡೆಯುವ ರಬ್ಬರ್ ಬೆಲ್ಲೋಸ್ ಈಗಲೇ ಹೊಸದು ಹಾಕಿ.

ನೀರಿಗಿಳಿಸಿದ ಮೊದಲ ದಿನ ಪೂರ್ತಿ ಥ್ರಾಟಲಿನಲ್ಲಿ ಸುತ್ತು 4,800ರ ಬದಲು 4,400ಕ್ಕೆ ನಿಂತರೆ ಎಂಜಿನ್ ಬಿಚ್ಚಲು ಓಡಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗುತ್ತದೆ. ಪಿಚ್ ಒಂದು ಇಂಚು ಇಳಿಸಿದರೆ 150ರಿಂದ 200 ಸುತ್ತು ಏರುತ್ತದೆ. 21 ತೆಗೆದು 19 ಹಾಕಿ ನೋಡಿ. ಸ್ಟೇನ್‌ಲೆಸ್ ಪ್ರೊಪೆಲರೇ ಇರಲಿ. ಅಲ್ಯೂಮಿನಿಯಂ ರೆಕ್ಕೆ ಈ ಶಕ್ತಿಗೆ ಬಾಗುತ್ತದೆ, ಆಗ ನೀವು ಹಾಕಿದ ಲೆಕ್ಕವೆಲ್ಲ ಸುಳ್ಳು. ನಾನು ಮೂರು ಬೇರೆ ಬೇರೆ ಪಿಚ್ಚಿನ ಹಳೇ ಪ್ರೊಪೆಲರ್‌ಗಳನ್ನು ಗ್ಯಾರೇಜಿನಲ್ಲಿ ಇಟ್ಟಿದ್ದೇನೆ, ಕೇಳಿದವರಿಗೆ ಒಂದು ಭಾನುವಾರದ ಮಟ್ಟಿಗೆ ಕೊಡುತ್ತೇನೆ. ಹೋದ ಸೆಪ್ಟೆಂಬರಿನಲ್ಲಿ ಕೊಟ್ಟ 19 ಇನ್ನೂ ವಾಪಸ್ ಬಂದಿಲ್ಲ.