ಎರಡು .32, ಒಂದು .22: ಸೊಂಟಕ್ಕೆ ಯಾವುದು?

ಪಿಸ್ತೂಲಿಗೆ 9 ಎಂಎಂ ಗುಂಡು ಒಳ್ಳೆಯದೋ .45 (ಗುಂಡಿನ ದಪ್ಪ, ಹೆಚ್ಚುಕಮ್ಮಿ ಇಂಚಿನ ಲೆಕ್ಕ) ಒಳ್ಳೆಯದೋ ಅಂತ ಅಮೆರಿಕದವರು ಬೇಕಾದರೆ ಹೊಡೆದಾಡಲಿ. ನಮ್ಮ ಲೈಸೆನ್ಸಿಗೆ ಎರಡೂ ಸಿಗಲ್ಲ, ಪ್ರೊಹಿಬಿಟೆಡ್ ಬೋರ್, ಅಂದರೆ ಸಾಮಾನ್ಯ ಜನಕ್ಕೆ ಕೊಡದ ಅಳತೆ. ನಮ್ಮ ಕೈಗೆ ಹೆಚ್ಚಾಗಿ ಬರೋದು .22, .32 ಪಿಸ್ತೂಲು, .32 ರಿವಾಲ್ವರ್. ಈ ಮೂರರಲ್ಲಿ ಒಂದನ್ನು ಆರಿಸೋಕೆ ನಾನು ಆರು ವರ್ಷ, ಹೆಚ್ಚುಕಮ್ಮಿ ಮೂರು ಲಕ್ಷ ಕಳೆದೆ.

ನಗರ್ತಪೇಟೆಯಲ್ಲಿ ನಮ್ಮದು ಚಿನ್ನದ ಕೆಲಸ. ಸಂಜೆ ಮಾಲು ತಗೊಂಡು ಸ್ಕೂಟರ್‌ನಲ್ಲಿ ಬಸವನಗುಡಿಗೆ ಬರಬೇಕು. ಲೈಸೆನ್ಸ್ ಮಾಡಿಸಿದ್ದು ಅದಕ್ಕೇ. ಮೊದಲು ತಗೊಂಡಿದ್ದು .32 ಪಿಸ್ತೂಲು. ಚಪ್ಪಟೆಯಾಗಿರುತ್ತೆ, ಅಂಗಿ ಒಳಗೆ ಕಾಣಲ್ಲ. ಆದರೆ ಗುರಿ ಅಭ್ಯಾಸಕ್ಕೆ ಶೂಟಿಂಗ್ ರೇಂಜಿಗೆ ಹೋದರೆ ಮೂರನೇ ಗುಂಡಿಗೋ ನಾಲ್ಕಕ್ಕೋ ನಿಂತುಬಿಡೋದು. ಸ್ಪ್ರಿಂಗ್ ಬದಲಿಸಿದೆ, ಎಣ್ಣೆ ಬದಲಿಸಿದೆ, ಎರಡು ಸಲ ರಿಪೇರಿಗೆ ಕೊಟ್ಟೆ. ಹದಿನೆಂಟು ಸಾವಿರ ಹೋಯಿತು.

ಕೊನೆಗೆ ತಪ್ಪು ಸಿಕ್ಕಿದ್ದು ನನ್ನ ಕೈಯಲ್ಲೇ. .32 ಎಸಿಪಿ, ಅಂದರೆ ಈ ಪಿಸ್ತೂಲಿನ ತೋಟಾದ ಬುಡದಲ್ಲಿ ಸಣ್ಣ ಅಂಚು ಇರುತ್ತಲ್ವಾ, ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಕೂತರೆ ಎರಡೂ ಕೊಕ್ಕೆ ಹಾಕಿಕೊಂಡ ಹಾಗೆ ಸಿಕ್ಕಿಕೊಳ್ಳುತ್ತವೆ. ಆಮೇಲೆ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಎಷ್ಟು ತಳ್ಳಿದರೂ ತೋಟಾ ಮುಂದೆ ಹೋಗಲ್ಲ. ನಾನು ಅವಸರದಲ್ಲಿ ಮ್ಯಾಗಜಿನ್, ಅಂದರೆ ತೋಟಾ ಪೆಟ್ಟಿಗೆ ತುಂಬುತ್ತಿದ್ದೆ. ಒಂದೊಂದನ್ನೂ ಕೆಳಗಿನದಕ್ಕಿಂತ ಕೂದಲೆಳೆ ಮುಂದೆ ಕೂರಿಸಿದ ಮೇಲೆ ಸರಿಹೋಯಿತು. ಆದರೆ ಒಂದು ತಿಂಗಳು ನಮ್ಮ ರಸ್ತೆ ಗುಂಡಿಗಳಲ್ಲಿ ಕುಲುಕಿಸಿಕೊಂಡು ಓಡಾಡಿ, ಮ್ಯಾಗಜಿನ್ ಬಿಚ್ಚದೆ ಹಾಗೇ ರೇಂಜಿಗೆ ಹೋದೆ. ಎರಡನೇದಕ್ಕೇ ಜಾಮ್! ಅವತ್ತೇ ಅದರ ಮೇಲಿನ ನಂಬಿಕೆ ಹೋಯಿತು.

ನಷ್ಟಕ್ಕೆ ಮಾರಿ ಸೆಕೆಂಡ್ ಹ್ಯಾಂಡ್ .32 ರಿವಾಲ್ವರ್ ತಗೊಂಡೆ. ಎಪ್ಪತ್ತು ಸಾವಿರ ಚಿಲ್ಲರೆ. ಉಳಿದಿದ್ದ ಅರ್ಧ ಡಬ್ಬಿ ತೋಟಾ ಇದಕ್ಕೂ ಆಗುತ್ತೆ ಅಂದುಕೊಂಡಿದ್ದೆ ನೋಡಿ, ಅದು ದಡ್ಡತನ. ಹೆಸರು ಒಂದೇ .32, ತೋಟಾ ಬೇರೆ. ಇದಕ್ಕೆ ಬೇಕಾದ್ದು ಎಸ್ ಅಂಡ್ ಡಬ್ಲ್ಯು (ಸ್ಮಿತ್ ಅಂಡ್ ವೆಸ್ಸನ್) ಲಾಂಗ್ ಅನ್ನೋ ತೋಟಾ. ಪಿಸ್ತೂಲಿನದನ್ನೆಲ್ಲ ಡೀಲರ್‌ಗೆ ವಾಪಸ್ ಕೊಟ್ಟೆ, ಬಿಡಿಗಾಸೂ ಬರಲಿಲ್ಲ.

ಗುಂಡಿನ ಭಾರವನ್ನು ಎಲ್ಲರೂ ಗ್ರೇನ್‌ನಲ್ಲಿ ಹೇಳುತ್ತಾರೆ. ನನಗೆ ಗ್ರಾಂ ಬಿಟ್ಟರೆ ತಲೆಗೆ ಹತ್ತಲ್ಲ. ರಿವಾಲ್ವರ್‌ನ 98 ಗ್ರೇನ್ ಗುಂಡು ಅಂದರೆ 6.35 ಗ್ರಾಂ, ಮುಕ್ಕಾಲು ಪವನ್‌ಗಿಂತ ಚೂರು ಜಾಸ್ತಿ. ಪಿಸ್ತೂಲಿನ 71 ಗ್ರೇನ್, ಅರ್ಧ ಪವನ್ ದಾಟುತ್ತೆ. .22ರ 40 ಗ್ರೇನ್ ಮಗುವಿನ ಓಲೆ ಜೋಡಿಯಷ್ಟು. ಒಂದು ಭಾನುವಾರ ಸುಮ್ನೆ ಅಂಗಡಿಯ ತಕ್ಕಡಿಯಲ್ಲಿ ಐವತ್ತು ತೋಟಾ ತೂಗಿ, ಹಗುರದ್ದು, ಭಾರದ್ದು ಅಂತ ಬೇರೆ ಮಾಡಿ ಹೊಡೆದು ನೋಡಿದೆ. ಹತ್ತು ಮೀಟರ್‌ನಲ್ಲಿ ಒಂದಿಷ್ಟೂ ವ್ಯತ್ಯಾಸ ಕಾಣಲಿಲ್ಲ. ನನ್ನ ಕೈ ನಡುಕದ ಮುಂದೆ ಆ ತೂಕದ ಹೆಚ್ಚುಕಮ್ಮಿ ಯಾವ ಲೆಕ್ಕ! ಒದ್ದೆ ಪೇಪರ್ ಕಟ್ಟಿಗೂ ಹೊಡೆದೆ. ಎಷ್ಟು ಆಳ ಹೋಯಿತು ಅಂತ ಪುಟ ಎಣಿಸುತ್ತಾ ಕೂತವನನ್ನು ರೇಂಜಿನವರು ಬೈದು ಎಬ್ಬಿಸಿದರು, ಲೆಕ್ಕ ಅರ್ಧಕ್ಕೇ ನಿಂತಿತು.

ರಿವಾಲ್ವರ್ ಜಾಮ್ ಆಗಲಿಲ್ಲ, ಆದರೆ ಗುರಿ ಹಾಳಾಯಿತು. ಡಬಲ್ ಆಕ್ಷನ್‌ನಲ್ಲಿ, ಅಂದರೆ ಕುದುರೆಯನ್ನು ಮೊದಲೇ ಎತ್ತದೆ ಟ್ರಿಗರ್‌ನಿಂದಲೇ ಎತ್ತಿ ಹೊಡೆಯುವಾಗ, ಟ್ರಿಗರ್ ಎಳೆಯೋದು ಅಂದರೆ ತುಂಬಿದ ಕೊಡ ಒಂದು ಬೆರಳಲ್ಲಿ ಎತ್ತಿದ ಹಾಗೆ. ಆರು ಗುಂಡು ಮಸಾಲೆ ದೋಸೆಯಷ್ಟು ಅಗಲಕ್ಕೆ ಚೆದುರುತ್ತಿದ್ದವು. ಅಭ್ಯಾಸ ಮಾಡೋಣ ಅಂದರೆ ಒಂದೊಂದು ತೋಟಾಕ್ಕೂ ನೂರರ ಹತ್ತಿರ. ಅದೂ ಲೈಸೆನ್ಸ್‌ನಲ್ಲಿ ಬರೆದಷ್ಟೇ.

ಆಗ ಹೊಳೆದಿದ್ದು .22 ರಿವಾಲ್ವರ್. ಕಲಿಯೋದು ಇದರಲ್ಲಿ, ಸೊಂಟಕ್ಕೆ ಆ .32. ರೇಂಜಿನಲ್ಲಿ ಎಲ್ಲರೂ ನಕ್ಕರು. ಒಬ್ಬರಂತೂ, ‘ಅಲ್ಲಾ ಸ್ವಾಮಿ, ಗುಬ್ಬಿ ಹೊಡೆಯೋದು ಕಲಿತು ಕಾಡುಹಂದಿಗೆ ಹೋಗ್ತೀರಾ?’ ಅಂದರು. ನಗು ಹೋಗಲಿ, ಕಾನೂನು ಅಡ್ಡ ಬಂತು. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಆಯುಧ, ಮೊದಲು ಮೂರಿತ್ತು. ನನ್ನ ಹೆಸರಲ್ಲಿ ತಾತನ ಜೋಡಿ ನಳಿಗೆ ಕೋವಿ ಇತ್ತು. ಊರಲ್ಲಿರುವ ದೊಡ್ಡಪ್ಪನ ಮಗನ ಲೈಸೆನ್ಸಿಗೆ ಅದನ್ನು ವರ್ಗ ಮಾಡಿಸೋಕೆ ಎಂಟು ತಿಂಗಳು ಅಲೆದೆ. ಕೋವಿ ಹೋದ ದಿನ ಅಮ್ಮ ನನ್ನ ಜೊತೆ ಮಾತಾಡಲಿಲ್ಲ.

ರಾತ್ರಿ ಊಟ ಆದ ಮೇಲೆ ತೋಟಾ ಎಲ್ಲ ಬೇರೆ ರೂಮಿನ ಬೀರುವಿನಲ್ಲಿಟ್ಟು ಬೀಗ. ಖಾಲಿ .32ಗೆ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಡಮ್ಮಿ ತೋಟಾ) ಹಾಕಿ ನಳಿಗೆ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಮೂವತ್ತು ಸಲ ಎಳೆಯೋದು. ಮೊದಲ ವಾರ ನಾಣ್ಯ ಹುಡುಕಿ ಹುಡುಕಿ ಸೊಂಟ ನೋವು. ಭಾನುವಾರ .22ರಲ್ಲಿ ಐವತ್ತು, .32ರಲ್ಲಿ ಬರೀ ಹನ್ನೆರಡು. 2024ರ ಎಲೆಕ್ಷನ್‌ಗೆ ಎರಡನ್ನೂ ಸ್ಟೇಷನ್‌ಗೆ ಒಪ್ಪಿಸಬೇಕಾಯಿತು. ಆ ಎರಡು ತಿಂಗಳು ಏರ್ ಪಿಸ್ತೂಲಿನಲ್ಲಿ ತಳ್ಳಿದೆ, ಅದಕ್ಕೆ ಲೈಸೆನ್ಸ್ ತಾಪತ್ರಯ ಇಲ್ಲ.

ಸೊಂಟದ ಬೆವರಿಗೆ ಕಬ್ಬಿಣ ಕೆಂಪಾಗೋದು ಒಂದು ಬೇರೆ ಕಥೆ. ದಿನಾ ಎಣ್ಣೆ ಬಟ್ಟೆ, ಬೇರೆ ದಾರಿ ಇಲ್ಲ.

ಈಗ ಹತ್ತು ಮೀಟರ್‌ನಲ್ಲಿ ಡಬಲ್ ಆಕ್ಷನ್‌ನಲ್ಲೇ ಆರೂ ಗುಂಡು ತಟ್ಟೆ ಇಡ್ಲಿ ಅಗಲದಲ್ಲಿ ಬೀಳುತ್ತವೆ, ಒಳ್ಳೆಯ ದಿನ ಮಾಮೂಲಿ ಇಡ್ಲಿಯಷ್ಟು. ಹಿಡಿಗೂ ಅಂಗೈಗೂ ನಡುವೆ ನಾನು ಒಂದು ವಸ್ತು ಅಂಟಿಸಿದ್ದೇನೆ, ನಮ್ಮ ಅಂಗಡಿಯದ್ದೇ. ಗುಬ್ಬಿ ಅಂದವರು ಹೋದ ವಾರ ಕಾಫಿ ಕೊಡಿಸಿ ಅದೇನು ಅಂತ ಕೇಳಿದರು. ಕಾಫಿ ಕುಡಿದು ಬಂದೆ.